ಪಡಸಾಲೆಯ ಮಾದರಿ ಪಾಠ

ಮೊನ್ನೆ ಮೊಮ್ಮಗಳು ತಲೆಗೆ ಎಣ್ಣೆ ಕಾಯಿಸಬೇಕೆಂದು ಎಲ್ಲಿಂದಲೋ ಗರುಗದ ಸೊಪ್ಪು ತಂದು ಅರೆದಳು. ಅರೆಯುತ್ತಾ ಅರೆಯುತ್ತಾ ಹಸಿರು ಕಪ್ಪಿಗೆ ತಿರುಗುವಾಗ ಬರುವ ಆ ಒಗರು ವಾಸನೆ ಅಡುಗೆಮನೆಯಿಂದ ಹೊರಟು ನಾನು ಕೂತಿದ್ದ ಕುರ್ಚಿಯವರೆಗೂ ಬಂತು. ಬೇರೆಯವರಿಗೆ ಈ ವಾಸನೆ ಬಂದರೆ ಅಮ್ಮ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದ ಕೈ ನೆನಪಾಗುತ್ತದಂತೆ, ಕಣ್ಣು ತುಂಬಿಕೊಳ್ಳುತ್ತದಂತೆ. ನನಗೆ ಮೈ ಉರಿಯುತ್ತದೆ. ನಮ್ಮ ಮನೆಯಲ್ಲಿ ಗರುಗದ ಸೊಪ್ಪು ತಲೆಗಿಂತ ಹೆಚ್ಚಾಗಿ ಹಲಗೆಗೆ ಹೋಗುತ್ತಿತ್ತು. ಇದ್ದಿಲು ಪುಡಿಯ ಜೊತೆ ಅದನ್ನು ನುಣ್ಣಗೆ ಅರೆಸಿ, ಹಳೆ ಪಂಚೆಯ ತುಂಡಿನಿಂದ ಅಪ್ಪ ಕರಿಹಲಗೆಗೆ ಬಳಿಯುತ್ತಿದ್ದರು. ಒಂದು ಸಲ ಬಳಿದು, ಒಣಗಿಸಿ, ಮತ್ತೊಂದು ಸಲ ಬಳಿಯುತ್ತಿದ್ದರು. ಮಾರನೆಯ ದಿನ ಹೊಸ ಮೇಷ್ಟ್ರುಗಳು ಬರುತ್ತಾರೆ ಎಂದರೆ ಹಿಂದಿನ ಸಂಜೆ ಇಡೀ ಮನೆ ಆ ವಾಸನೆಯಲ್ಲಿ ಮುಳುಗಿರುತ್ತಿತ್ತು.

ದೊಡ್ಡಬಳ್ಳಾಪುರದ ಆ ಮನೆ ಈಗಿಲ್ಲ. ಮನೆ ಕಳೆದುಕೊಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಕಂಬಕ್ಕೆ ಒರಗಿದರೆ ಬೆನ್ನಿಗೆ ತಗಲುತ್ತಿದ್ದ ತಂಪು, ಬೆಳಕಿಂಡಿಯಿಂದ ಬಿದ್ದ ಬಿಸಿಲು ನೆಲದ ಮೇಲೆ ಸರಿಯುತ್ತಿದ್ದ ದಾರಿ, ಇವೆಲ್ಲ ನಿಮಗೂ ಗೊತ್ತಿರುತ್ತವೆ. ಹಿಂದಿನ ಬೀದಿಯಿಂದ ಹಗಲೆಲ್ಲ ಕೈಮಗ್ಗದ ಸದ್ದು ಬರುತ್ತಿತ್ತು. ಅದು ನಿಂತಾಗಲೇ ಇಷ್ಟು ಹೊತ್ತು ಕೇಳುತ್ತಿತ್ತೆಂದು ನಮಗೆ ತಿಳಿಯುತ್ತಿದ್ದದ್ದು. ಅಪ್ಪ ಊರಿನ ಮಿಡ್ಲ್ ಸ್ಕೂಲಿನ ಹೆಡ್‌ಮೇಷ್ಟ್ರು. ಅದು ಯುದ್ಧದ ಕಾಲ. ಓದಿದ ಗಂಡಸರು ಬೆಂಗಳೂರಿನ ಕಾರ್ಖಾನೆಗಳಿಗೋ ಪಟಾಲಮ್ಮಿಗೋ ಸೇರಿಬಿಟ್ಟು, ಹಳ್ಳಿ ಶಾಲೆಗಳಿಗೆ ಟ್ರೈನಿಂಗ್ ಆಗದ ಹುಡುಗರನ್ನೇ ಮೇಷ್ಟ್ರುಗಳಾಗಿ ಹಾಕುತ್ತಿದ್ದರು. ಅಂಥವರಿಗೆ ಅಕ್ಷರ ಕಲಿಸುವ ರೀತಿಯನ್ನು ಎಂಟು ದಿನ ಹೇಳಿಕೊಡುವ ಕೆಲಸ ಅಪ್ಪನ ಹೆಗಲಿಗೆ ಬಿದ್ದಿತ್ತು. ಶಾಲೆಯ ಹೆಂಚು ಸೋರುತ್ತಿದ್ದದ್ದರಿಂದ ತರಬೇತಿ ನಮ್ಮ ಪಡಸಾಲೆಯಲ್ಲೇ ನಡೆಯುತ್ತಿತ್ತು. ಕುಂದಾಣದ ಕಡೆಯಿಂದ, ಬಾಶೆಟ್ಟಿಹಳ್ಳಿಯಿಂದ, ಇನ್ನೂ ಒಳಗಿನ ಹಳ್ಳಿಗಳಿಂದ ಮೀಸೆ ಚಿಗುರಿದ ಹುಡುಗರು ಬಗಲಲ್ಲಿ ಚಾಪೆ ಸುತ್ತಿಕೊಂಡು ಬರುತ್ತಿದ್ದರು. ಅಮ್ಮ ಹುರುಳಿಕಾಳು ಬೇಯಿಸಿ ಬಸಿದು, ಅಷ್ಟು ಜನಕ್ಕೂ ಮುದ್ದೆ ತಿರುವುತ್ತಿದ್ದಳು. ಒಲೆಯ ಹೊಗೆ, ಹೊಸ ಚಾಪೆಯ ವಾಸನೆ, ಊಟವಾದ ಮೇಲೆ ಅವರು ಮೆಲ್ಲಗೆ ಹಾಡಿಕೊಳ್ಳುತ್ತಿದ್ದ ಪದಗಳು ಎಲ್ಲವೂ ನನಗೆ ಇಷ್ಟವಾಗಿದ್ದವು. ಅದನ್ನು ಒಪ್ಪಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಆ ಎಂಟು ದಿನದ ತಿರುಳು ಅಪ್ಪನ ಮಾದರಿ ಪಾಠ. ಅಕ್ಷರವೇ ಬಾರದ ಐದು ಮಕ್ಕಳನ್ನು ಕೂರಿಸಿಕೊಂಡು, ನಲವತ್ತು ನಿಮಿಷದಲ್ಲಿ ಹತ್ತಾರು ಅಕ್ಷರ ಕಲಿಸಿ, ಹಲಗೆಯ ಮೇಲಿನ ಎರಡು ಸಾಲನ್ನು ಓದಿಸಿಬಿಡುತ್ತಿದ್ದರು. ಹೊಸ ಮೇಷ್ಟ್ರುಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಆ ಐದು ಮಕ್ಕಳಲ್ಲಿ ನಾನೊಬ್ಬಳು. ಉಳಿದವರು ಶಾನುಭೋಗರ ಮನೆಯವರು, ಪೋಸ್ಟ್ ಮೇಷ್ಟ್ರ ಮನೆಯವರು. ನಮಗೆಲ್ಲರಿಗೂ ಸರಾಗವಾಗಿ ಓದಲು ಬರುತ್ತಿತ್ತು. ಹಲಗೆಗೆ ಕಪ್ಪು ಬಳಿದ ಸಂಜೆಯೇ ಅಪ್ಪ ನಮ್ಮನ್ನು ಕೂರಿಸಿಕೊಂಡು, ಬಾರದವರಂತೆ ಇರುವುದು ಹೇಗೆಂದು ಕಲಿಸುತ್ತಿದ್ದರು. “ಎರಡ್ ಸಲ ತಪ್ಪು ಹೇಳು. ಮೂರನೇ ಸಲ ಯೋಚ್ನೆ ಮಾಡ್ದಂಗೆ ಮಾಡಿ ಸರಿ ಹೇಳು” ಎನ್ನುತ್ತಿದ್ದರು. ಪ್ರತಿ ಸಲ ಹೊಸ ಮೇಷ್ಟ್ರುಗಳೇ ಬರುತ್ತಿದ್ದದ್ದರಿಂದ ಯಾರಿಗೂ ಗುಮಾನಿ ಬರುತ್ತಿರಲಿಲ್ಲ. ನಾನಂತೂ ಈ ಆಟದಲ್ಲಿ ಎತ್ತಿದ ಕೈ. ಬೆರಳು ಕಚ್ಚಿಕೊಂಡು, ಹಲಗೆಯನ್ನು ದಿಟ್ಟಿಸಿ, ಆಮೇಲೆ ಮುಖ ಅರಳಿಸುತ್ತಿದ್ದೆ. ಅಪ್ಪ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಪಾಠ ಹೇಗೆ ನಡೆಯಬೇಕೆಂದು ತೋರಿಸುವುದಷ್ಟೇ ತಮ್ಮ ಕೆಲಸ, ನಡುವೆ ಮಕ್ಕಳು ತಡವರಿಸುತ್ತಾ ಕೂತರೆ ನೋಡುವವರಿಗೆ ಏನೂ ಹಿಡಿಯುವುದಿಲ್ಲ ಎಂದು ಅವರು ಮನಸಾರೆ ನಂಬಿದ್ದರು. ಅದರ ಜೊತೆಗೆ ಶಾಲೆ ನೋಡಲು ಬರುವ ಇನ್‌ಸ್ಪೆಕ್ಟರ್ ಎಂದರೆ ಅವರು ತುಂಬ ಹೆದರುತ್ತಿದ್ದರು.

ನಂಜತ್ತೆ ಅಪ್ಪನ ತಂಗಿ. ಅವಳನ್ನು ಕೊಟ್ಟಿದ್ದು ಕುಂದಾಣಕ್ಕೆ. ಗಂಡ ಇನ್ನೊಬ್ಬಳನ್ನು ಮದುವೆಯಾಗಿ ಮನೆಗೆ ಕರೆತಂದ ಮಾರನೆಯ ಬೆಳಗ್ಗೆ ಅತ್ತೆ ಸೀರೆಯ ಗಂಟು ಕಟ್ಟಿಕೊಂಡು ದೊಡ್ಡಬಳ್ಳಾಪುರದವರೆಗೂ ನಡೆದೇ ಬಂದುಬಿಟ್ಟಳಂತೆ. ಬಂದವಳು ಅಳಲಿಲ್ಲ, ಕರೆಯಲು ಬಂದವರ ಜೊತೆ ಹೋಗಲೂ ಇಲ್ಲ. ಓದು ಬಲ್ಲವಳು, ಸುಮ್ಮನೆ ಕೂರುವವಳಲ್ಲ. ನನಗೆ ಅಕ್ಷರ ಕಲಿಸಿದವಳೇ ಅವಳು. ಹಿಂದಿನ ಬೀದಿಯಲ್ಲಿ ನೇಕಾರರ ಮಕ್ಕಳಿಗೆಂದು ಒಂದು ಶಾಲೆ ತೆರೆದು ಮೇಷ್ಟ್ರು ಸಿಗದೆ ಮುಚ್ಚುವ ಹಾಗಾದಾಗ, ಅಪ್ಪ ಯಾರ್‍ಯಾರಿಗೋ ಹೇಳಿ ಅತ್ತೆಯನ್ನು ಅಲ್ಲಿಗೆ ಹಾಕಿಸಿದರು. ಕೆಲಸ ಕಾಯಂ ಅಲ್ಲ. ಟ್ರೈನಿಂಗ್ ಮುಗಿಸಿ, ಇನ್‌ಸ್ಪೆಕ್ಟರ್ ಮುಂದೆ ಒಂದು ಪಾಠ ಮಾಡಿ, ಅವರು ಒಪ್ಪಿದರೆ ಮಾತ್ರ ಶಾಲೆ ಅವಳದು. ಇಲ್ಲವಾದರೆ ಅಣ್ಣನ ಮನೆಯ ಅಡುಗೆಮನೆಯೇ ಕೊನೆಯವರೆಗೂ. ಇದು ಅವಳಿಗೂ ಗೊತ್ತಿತ್ತು, ಮನೆಯವರೆಲ್ಲರಿಗೂ ಗೊತ್ತಿತ್ತು.

ಶಾಲೆ ನಡೆಯುತ್ತಿದ್ದದ್ದು ಮಗ್ಗ ಎತ್ತಿಸಿ ಖಾಲಿಯಾಗಿದ್ದ ಒಂದು ಕೊಟ್ಟಿಗೆಯಲ್ಲಿ. ನೇಕಾರರ ಮಕ್ಕಳ ಮನೆಮಾತು ತೆಲುಗು. ಪಕ್ಕದ ಓಣಿಯಲ್ಲಿ ಹತ್ತಿ ಹಿಂಜುವ ಸಾಬರ ಮಕ್ಕಳಿಗೆ ಉರ್ದು. ಒಕ್ಕಲಿಗರ ಮಕ್ಕಳು ಕೆಲವರು, ಕೇರಿಯ ಮಕ್ಕಳು ಕೆಲವರು ಬರುತ್ತಿದ್ದರು. ಬೇರೆ ಶಾಲೆಗಳಲ್ಲಿ ಕೇರಿಯ ಮಕ್ಕಳು ಹೊರಗೆ ಜಗುಲಿಯಲ್ಲಿ ಕೂತು ಕೇಳಿಸಿಕೊಂಡಷ್ಟೇ ಪಾಠ. ಅತ್ತೆ ಅವರನ್ನು ಒಳಗೇ ಕೂರಿಸಿದಳು. ಲಚ್ಚಿ ಎಂಬ ಹುಡುಗಿಯ ಮನೆಯವರು ಅದಕ್ಕೆ ಮುನಿಸಿಕೊಂಡು ಮಗಳನ್ನು ಕಳಿಸದೇ ಹೋದಾಗ, ಅತ್ತೆ ಮೂರು ದಿನ ಅವರ ಮಗ್ಗದ ಪಕ್ಕದಲ್ಲಿ ಹೋಗಿ ಕೂತು, ಬೇಡವೆಂದರೂ ನೂಲು ಸುತ್ತಿಕೊಟ್ಟಳು. ನಾಲ್ಕನೆಯ ದಿನ ಲಚ್ಚಿ ಬಂದಳು. ಅತ್ತೆ ಅ ಆ ಎಂದು ಶುರುಮಾಡುತ್ತಿರಲಿಲ್ಲ. ಮನೆಯಿಂದ ಏನಾದರೂ ಒಂದು ಸಾಮಾನು ತರಲು ಹೇಳಿ, ಅದಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ ಎಂದು ಕೇಳಿ, ಮಗು ಹೇಳಿದ ಮಾತನ್ನೇ ಕನ್ನಡ ಅಕ್ಷರದಲ್ಲಿ ನೆಲದ ಮೇಲೆ ಬರೆಯುತ್ತಿದ್ದಳು. ಮಗು ತನ್ನ ಬಾಯಿಂದ ಬಂದದ್ದು ನೆಲದ ಮೇಲೆ ಇರುವುದನ್ನು ಬಹಳ ಹೊತ್ತು ನೋಡುತ್ತಿತ್ತು. ಎಷ್ಟೋ ವರ್ಷಗಳ ನಂತರ ದೊಡ್ಡ ದೊಡ್ಡ ಸಭೆಗಳಲ್ಲಿ ಇದನ್ನೇ ಹೊಸದೆಂಬಂತೆ ಹೇಳುವವರನ್ನು ನಾನು ನೋಡಿದ್ದೇನೆ. ಎದ್ದು ಹೋಗಿ ಅವರ ಮೈಕು ಕಿತ್ತುಕೊಳ್ಳಬೇಕೆನ್ನಿಸಿದೆ.

ಇನ್‌ಸ್ಪೆಕ್ಟರ್ ಬರುವ ಹಿಂದಿನ ದಿನ ಅಪ್ಪ ಅತ್ತೆಯನ್ನು ಕರೆದರು. “ನಾಳೆ ನನ್ನ ಮಕ್ಕಳನ್ನೇ ಕೂರಿಸ್ಕೊ ನಂಜಿ. ನಿನ್ನವು ಯಾವಾಗ ಏನಂತವೋ ಹೇಳೋಕಾಗಲ್ಲ” ಎಂದರು. ಅತ್ತೆ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. “ನಿನ್ನ ಮಕ್ಕಳಿಗೆ ನಾನೇನ್ ಕಲಿಸ್ಲಿ ಅಣ್ಣಯ್ಯ, ಅವಕ್ಕೆ ಬರ್ತದಲ್ಲ” ಎಂದಳು.

ಇನ್‌ಸ್ಪೆಕ್ಟರು ಬೆಳಗ್ಗೆ ನಮ್ಮ ಪಡಸಾಲೆಯಲ್ಲಿ ಹೊಸ ಮೇಷ್ಟ್ರುಗಳ ಜೊತೆ ಕೂತು ಅಪ್ಪನ ಪಾಠ ನೋಡಿದರು. ನಾನು ಎರಡು ಸಲ ತಪ್ಪು ಹೇಳಿ, ಮೂರನೆಯ ಸಲ ಸರಿ ಹೇಳಿದೆ. ಅವರು ನನ್ನ ತಲೆ ಸವರಿದರು. ಅಲ್ಲಿಂದ ಎಲ್ಲರೂ ಹಿಂದಿನ ಬೀದಿಯ ಕೊಟ್ಟಿಗೆಗೆ ಹೊರಟಾಗ ನಾನೂ ಹಿಂದೆ ಹೋದೆ. ಅತ್ತೆ ಅವತ್ತು ಹತ್ತಿಯ ಪಾಠ ಮಾಡಿದಳು. ಒಂದು ಹಿಡಿ ಹತ್ತಿಯನ್ನು ಎಲ್ಲರ ಕೈಗೂ ಕೊಟ್ಟು, ಹಲಗೆಯ ಮೇಲೆ ಒಂದರ ಕೆಳಗೊಂದು ಹತ್ತಿ ಎಂದೂ, ಲಚ್ಚಿ ಹೇಳಿದಂತೆ ಪತ್ತಿ ಎಂದೂ, ಶಾಲೆಗೆ ಸೇರಿ ವಾರವೂ ಆಗಿರದ ಬಾಷಾ ಹೇಳಿದಂತೆ ರೂಯಿ ಎಂದೂ ಬರೆದಳು. ಬಾಷಾ ತನ್ನ ಮಾತಿನ ಮೇಲೆ ಬೆರಳಾಡಿಸಿ ಓದಿದ. ಆಮೇಲೆ ಯಾರೂ ಕೇಳದೆ, ಯಾರೂ ಹೇಳಿಕೊಡದೆ, ಮೇಲಿನ ಎರಡು ಮಾತುಗಳ ಕೊನೆಯ ಅಕ್ಷರವನ್ನು ಮುಟ್ಟಿ, “ಇದೂ ಇದೂ ಒಂದೇ ಅಮ್ಮಾ” ಎಂದ. ಅತ್ತೆಯ ಮುಖ ಹೇಗಾಯಿತೆಂದು ನಾನು ನೋಡಿದೆ. ಇನ್‌ಸ್ಪೆಕ್ಟರು ಗಡಿಯಾರ ನೋಡಿದರು. “ಇದು ಶಾಲೆಯೋ ಸಂತೆಯೋ? ನಲವತ್ತು ನಿಮಿಷಕ್ಕೆ ಮೂರು ಮಾತು, ಅದರಲ್ಲಿ ಎರಡು ಕನ್ನಡವೇ ಅಲ್ಲ. ಹೆಡ್‌ಮೇಷ್ಟ್ರ ಮಕ್ಕಳು ಅಷ್ಟೇ ಹೊತ್ತಿನಲ್ಲಿ ಎರಡು ಸಾಲು ಓದಿದರಲ್ಲಮ್ಮ” ಎಂದರು.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ನಿಂತಳು. “ಸಾರ್, ಆ ಮಕ್ಕಳಿಗೆ ಮೊದ್ಲೇ ಓದೋಕ್ ಬರ್ತದೆ. ಬೇಕಾದ್ರೆ ಆ ಮಗೂನೇ ಕೇಳಿ, ಅದು ಸುಳ್ಳು ಹೇಳಲ್ಲ” ಎಂದು ನನ್ನನ್ನು ತೋರಿಸಿದಳು. ಇನ್‌ಸ್ಪೆಕ್ಟರು ನನ್ನ ಕಡೆ ಬಾಗಿ, “ಏನಮ್ಮ, ಇವತ್ತಿಗೆ ಮುಂಚೆ ನಿನಗೆ ಓದಲು ಬರುತ್ತಿತ್ತೇ?” ಎಂದು ಕೇಳಿದರು. ಅವರ ಬೆನ್ನ ಹಿಂದೆ ಅಪ್ಪ ನಿಂತಿದ್ದರು. ಹೆದರಿಸಲಿಲ್ಲ, ಕಣ್ಣು ಮಿಟುಕಿಸಲಿಲ್ಲ. ಅವರ ಹಣೆಯ ಮೇಲೆ ಬೆವರಿತ್ತು, ಅಷ್ಟೆ. ನಾನು ಅತ್ತೆಯ ಮುಖ ನೋಡಿಯೇ, “ಇಲ್ಲ ಸಾರ್” ಎಂದೆ. ಎಂಟು ವರ್ಷದ ಮಗು, ತಂದೆಯನ್ನು ಉಳಿಸಿತು, ಅದರ ತಪ್ಪೇನು ಎಂದು ನನ್ನ ಗಂಡ ಸಮಾಧಾನ ಹೇಳುತ್ತಿದ್ದರು. ನನಗೆ ಆ ಸಮಾಧಾನ ಬೇಡ. ನಾನು ಹೇಳುತ್ತಿರುವುದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿದ್ದ ಹದಿನೈದು ಮಂದಿ ಹೊಸ ಮೇಷ್ಟ್ರುಗಳಲ್ಲಿ ಒಬ್ಬನಾದರೂ ಆ ಬಾಷಾ ಮಾಡಿದ್ದನ್ನು ನೋಡಿದಿರಾ ಸಾರ್ ಎಂದು ಕೇಳಬಹುದಿತ್ತು. ಕತ್ತೆಗಳ ಹಾಗೆ ನಿಂತಿದ್ದರು. ಅತ್ತೆ ನನ್ನನ್ನು ಬೈಯಲಿಲ್ಲ. ಹಲಗೆಯ ಕಡೆ ತಿರುಗಿ ಮೂರು ಮಾತುಗಳನ್ನೂ ಒರೆಸಿದಳು.

ಅಪ್ಪನಿಗೆ ಹೊಗಳಿಕೆಯ ಕಾಗದ ಬಂತು. ಅತ್ತೆಗೆ ಯೋಗ್ಯತೆ ಸಾಲದೆಂಬ ಕಾಗದ ಬಂತು. ನೇಕಾರರ ಬೀದಿಯ ಶಾಲೆಯನ್ನು ನಮ್ಮ ಪಡಸಾಲೆಯಲ್ಲಿ ಕಲಿತ ಹುಡುಗನೊಬ್ಬನಿಗೆ ಕೊಟ್ಟರು. ಅವನು ಕೇರಿಯ ಮಕ್ಕಳನ್ನು ಜಗುಲಿಗೆ ಕಳಿಸಿದ, ತೆಲುಗು ಆಡಿದವರ ಬಾಯಿಗೆ ಹೊಡೆದ. ದಸರಾ ರಜೆ ಮುಗಿಯುವ ಹೊತ್ತಿಗೆ ಬಾಷಾ ಅವರಪ್ಪನ ಪಕ್ಕದಲ್ಲಿ ಕೂತು ಹತ್ತಿ ಹಿಂಜುತ್ತಿದ್ದ. ಇನ್ನೂ ಕೆಲವು ತಿಂಗಳಿಗೆ ಶಾಲೆ ಮುಚ್ಚಿ, ಆ ಕೊಟ್ಟಿಗೆಯಲ್ಲಿ ಮತ್ತೆ ಮಗ್ಗ ಕೂತಿತು. ಕುಂದಾಣದ ಕಡೆಯ ಮೇಷ್ಟ್ರೊಬ್ಬ ಒಂದು ಭಾನುವಾರ ಅಪ್ಪನನ್ನು ಹುಡುಕಿಕೊಂಡು ಬಂದದ್ದು ನೆನಪಿದೆ. “ಸಾರ್, ನೀವ್ ಮಾಡಿದಂಗೇ ಮಾಡ್ದೆ. ತಿಂಗ್ಳಾಯ್ತು. ಹೊಡ್ದೂ ಆಯ್ತು ಸಾರ್, ಕೋಲು ಮುರ್ದೋಯ್ತು. ಅವಕ್ಕೆ ಹತ್ತೋದೇ ಇಲ್ಲ” ಎಂದು ಅಳುವ ದನಿಯಲ್ಲಿ ಹೇಳಿದ. ಅಪ್ಪ ಅವನಿಗೆ ಕಾಫಿ ಕೊಡಿಸಿ, ಶ್ರದ್ಧೆ ಸಾಲದು ಎಂದು ಬುದ್ಧಿ ಹೇಳಿ ಕಳಿಸಿದರು. ನಾನು ಕಂಬದ ಹತ್ತಿರ ನಿಂತು ಕೇಳಿಸಿಕೊಂಡೆ. ನಮ್ಮ ಪಡಸಾಲೆಯಿಂದ ಹೊರಟ ಮೇಷ್ಟ್ರುಗಳು ಎಷ್ಟೋ ಹಳ್ಳಿಗಳಲ್ಲಿ, ಮನೆಯಲ್ಲಿ ಬೇರೆ ಮಾತಾಡುವ ಮಕ್ಕಳನ್ನು, ಪುಸ್ತಕವನ್ನೇ ಕಾಣದ ಮಕ್ಕಳನ್ನು ಬಡಿದರು. ಹೆಡ್‌ಮೇಷ್ಟ್ರ ಮಗಳು ಬೆರಳು ಕಚ್ಚಿಕೊಂಡು ಅಷ್ಟು ಬೇಗ ಕಲಿತದ್ದನ್ನು ಅವರು ಕಣ್ಣಾರೆ ನೋಡಿದ್ದರಲ್ಲ. ಆ ಏಟುಗಳಲ್ಲಿ ನನ್ನ ಪಾಲಿದೆ.

ಅತ್ತೆ ಅಡುಗೆಮನೆ ಸೇರಿದಳು. ಮತ್ತೆ ಯಾರಿಗೂ ಒಂದಕ್ಷರ ಹೇಳಿಕೊಡಲಿಲ್ಲ. ಮತ್ತೊಂದು ತಂಡ ಬಂದಾಗ ಅಮ್ಮನ ಜೊತೆ ಅವಳೂ ಮುದ್ದೆ ತಿರುವಿದಳು, ಬಡಿಸಿದಳು, ಎಂಜಲು ಎಲೆ ಎತ್ತಿದಳು. ಪಾಠ ಮುಗಿಸಿ ನಾನು ಒಳಗೆ ಹೋದರೆ, ಒಲೆಯ ಮುಂದೆ ಕೂತವಳು ಸೌದೆ ಸರಿಮಾಡುತ್ತಾ, “ಇವತ್ತು ಯಾವ ಅಕ್ಷರ ಬರ್ಲಿಲ್ಲ ಮಗ ನಿಂಗೆ?” ಎಂದು ಕೇಳಿದಳು. ದನಿಯಲ್ಲಿ ಕುಹಕವಿರಲಿಲ್ಲ. ನಾನು ಹೇಳಿದೆ. ಅವಳು ತಲೆಯಾಡಿಸಿ, ಹಾಲಿಗೆ ಬೆಲ್ಲ ಹಾಕಿ ಕೊಟ್ಟಳು. ನಾನು ಎತ್ತರವಾಗಿ, ಆ ಆಟಕ್ಕೆ ಒದಗದವಳಾಗುವವರೆಗೂ ಪ್ರತಿ ಸಲ ಕೇಳಿದಳು, ಪ್ರತಿ ಸಲ ಹಾಲು ಕೊಟ್ಟಳು. ನಾನು ಪ್ರತಿ ಸಲವೂ ಕುಡಿದೆ.

ಈಗ ಅಪ್ಪ ಇಲ್ಲ, ಅಮ್ಮ ಇಲ್ಲ, ಆ ಇನ್‌ಸ್ಪೆಕ್ಟರೂ ಇರಲಿಕ್ಕಿಲ್ಲ. ಮನೆ ಇದ್ದ ಜಾಗದಲ್ಲಿ ಯಾರದೋ ಮಳಿಗೆಗಳಿವೆ. ಅತ್ತೆ ಹೋದಾಗ ನಾನು ದೂರದ ಊರಲ್ಲಿ ಬಾಣಂತಿ, ಮುಖ ನೋಡಲಾಗಲಿಲ್ಲ. ಅದಕ್ಕೆ ಮುಂಚೆ ಎಷ್ಟೋ ಮಧ್ಯಾಹ್ನ ನಾವಿಬ್ಬರೇ ಕೂತಿದ್ದೆವು, ಹೇಳಬಹುದಿತ್ತು, ಹೇಳಲಿಲ್ಲ. ಕೇಳಬೇಕಾದವರು ಒಬ್ಬರೂ ಉಳಿಯದ ಮೇಲೆ ಹೇಳುವುದು ಎಂಥ ಧೈರ್ಯ ಎಂದು ನೀವು ಕೇಳಬಹುದು. ಆದರೂ ಬರೆದಿಡುತ್ತೇನೆ. ಬರ್ತಿತ್ತು ಸಾರ್. ಮೊದಲೇ ಬರ್ತಿತ್ತು. ನಾನು ಐದು ವರ್ಷದವಳಿದ್ದಾಗ, ಮೊರದಲ್ಲಿ ರಾಗಿ ಹರಡಿಕೊಂಡು, ನನ್ನ ಬೆರಳು ಹಿಡಿದು, ನಮ್ಮ ನಂಜತ್ತೆ ಕಲಿಸಿದ್ದರು.