ಆಯುಧಪೂಜೆಯ ದಿನ ನಿಲ್ಲದ ಯಂತ್ರ

ಜರಗನಹಳ್ಳಿಯ ಒಂದು ಬಾಡಿಗೆ ಮನೆಯ ಮಹಡಿಯೇ ನಮ್ಮ ಟೆಸ್ಟಿಂಗ್ ಲ್ಯಾಬ್. ಬೇಕಾದಷ್ಟು ವೋಲ್ಟೇಜು ಕೊಡುವ ಪವರ್ ಸಪ್ಲೈನ ನಾಬ್ ತಿರುಗಿಸುವುದು, ಮೀಟರ್ ನೋಡಿ ಬರೆದುಕೊಳ್ಳುವುದು, ಇಷ್ಟೇ ನನ್ನ ಕೆಲಸ. ರೋಸಿಹೋಗಿ, ಇವನ್ನೆಲ್ಲ ಕಂಪ್ಯೂಟರಿನಿಂದ ನಡೆಸುವುದನ್ನು ಕಲಿತೆ. ಕೋಡ್ ಬರೆಯಬೇಕಿಲ್ಲ. ಪರದೆಯ ಮೇಲೆ ಚೌಕಗಳನ್ನಿಟ್ಟು ಒಂದರಿಂದ ಇನ್ನೊಂದಕ್ಕೆ ವೈರಿನಂಥ ಗೆರೆ ಎಳೆದರೆ ಅದೇ ಪ್ರೋಗ್ರಾಂ.

ಅದು ಮೊದಲ ಸಲ ಓಡಿದ್ದು ಆಯುಧಪೂಜೆಯ ಬೆಳಿಗ್ಗೆ. ಯಾರೂ ಮುಟ್ಟದೆ ವೋಲ್ಟೇಜು ಏರಿತು, ರಿಲೇ ಸ್ವಿಚ್ಚು ಟಿಕ್ಕೆಂದಿತು, ಪರದೆಯಲ್ಲಿ ಗ್ರಾಫ್ ಬೆಳೆಯತೊಡಗಿತು. ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಅಷ್ಟರಲ್ಲಿ ನಮ್ಮ ಸೀನಿಯರ್ ಕುಂಕುಮದ ಬಟ್ಟಲು ಹಿಡಿದು ಬಂದರು. "ಇವತ್ತು ಇವಕ್ಕೆಲ್ಲ ರಜಾ ಕಣಮ್ಮ, ನಿಲ್ಲಿಸು."

ಪರದೆಯಲ್ಲೆಲ್ಲ ಹುಡುಕಿದೆ. ಸಂಭ್ರಮದಲ್ಲಿ ಎಲ್ಲವನ್ನೂ ಇಟ್ಟಿದ್ದೆ, ಸ್ಟಾಪ್ ಬಟನ್ ಒಂದನ್ನು ಬಿಟ್ಟು. ಅವರೇ ನಾಬ್ ತಿರುಗಿಸಿ ನೋಡಿದರು. ಕಂಪ್ಯೂಟರಿನ ಹಿಡಿತಕ್ಕೆ ಹೋದ ಮೇಲೆ ಅದು ಕೈಯ ಮಾತು ಕೇಳುವುದಿಲ್ಲ.

"ಪ್ಲಗ್ ಕಿತ್ತುಬಿಡ್ಲಾ ಸಾರ್?"

ಅವರು ಪರದೆಯನ್ನೇ ನೋಡುತ್ತಿದ್ದರು. "ಬೇಡ ಇರು. ಗ್ರಾಫ್ ಚೆನ್ನಾಗಿ ಬರ್ತಿದೆ."

ಓಡುತ್ತಿದ್ದ ಯಂತ್ರಕ್ಕೇ ಮಂಗಳಾರತಿ ಆಯಿತು. ಪ್ರತಿ ವರ್ಷ ನಾಬ್‌ಗೆ ಇಡುತ್ತಿದ್ದ ಕುಂಕುಮವನ್ನು ಈ ಸಲ ಅವರು ಮೌಸಿಗೆ ಇಟ್ಟರು.