ಅಕ್ಕನ ಉಸಿರಿನ ತಪಾಸಣೆಗೆ ಕಲಬುರಗಿಗೆ

ಬೆಳಿಗ್ಗೆ ಏಳಕ್ಕೆ ಕಲಬುರಗಿಯಲ್ಲಿ ಕಮಲಾಪುರದ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಆಧಾರ್ ಕಾರ್ಡ್ ಮಾತ್ರ ಕೈಯಲ್ಲೇ ಇಟ್ಟುಕೊಳ್ಳಿ, ಚೀಲದ ತಳದಲ್ಲಿ ಹುಡುಕುತ್ತ ಕೂತರೆ ಕಂಡಕ್ಟರ್ ರೇಗುತ್ತಾನೆ. ಒಂದು ತಾಸಿನ ದಾರಿ. ನೆಹರು ಗಂಜ್ ಹತ್ತಿರ ಬಾಳೆಹಣ್ಣಿನ ವ್ಯಾಪಾರ ನನ್ನದು. ಕಮಲಾಪುರದ ಕೆಂಪು ಬಾಳೆಗಾಗಿ ಎಷ್ಟೋ ಸಲ ಓಡಾಡಿದ್ದೇನೆ. ಈ ಸಲ ಹೋದದ್ದು ಅಕ್ಕ ಶರಣಮ್ಮನನ್ನು ಕರೆತರಲು.

ಅಕ್ಕ ಕಟ್ಟಿಗೆ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಕೆಮ್ಮು ಬಿಟ್ಟಿರಲಿಲ್ಲ. ಕಲಬುರಗಿಯ ಆಸ್ಪತ್ರೆಯೊಂದರಲ್ಲಿ, ಊದಿದ ಉಸಿರಿನಿಂದಲೇ ಶ್ವಾಸಕೋಶದ ಕ್ಯಾನ್ಸರನ್ನು ಬೇಗ ಗುರುತಿಸಬಹುದೇ ಎಂದು ಪ್ರಯೋಗ ನಡೆಸುತ್ತಿದ್ದರು.

ಅಲ್ಲಿಗೆ ಬಾ ಎಂದರೆ, “ನಾ ಏನ್ ಬೀಡಿ ಸೇದೀನೇನ?” ಎಂದಳು.

“ಒಲಿ ಹೊಗಿ ಸೇದೀಯಲ್ಲ, ನಡಿ,” ಎಂದೆ.

ಆಸ್ಪತ್ರೆಯವರು ಹೇಳಿದಂತೆ ಖಾಲಿ ಹೊಟ್ಟೆಯಲ್ಲೇ ಹೊರಟೆವು. ಕಲಬುರಗಿ ಹತ್ತಿರವಾದಾಗ ಅಕ್ಕ ಸೆರಗಿನ ಗಂಟು ಬಿಚ್ಚಿ ಲವಂಗ, ಏಲಕ್ಕಿ ಬಾಯಿಗೆ ಹಾಕಿಕೊಂಡಳು. ನನಗೂ ಕೊಟ್ಟಳು, ನಾನೂ ಅಗಿದೆ.

ಆಸ್ಪತ್ರೆಯಲ್ಲಿ ಊದಿಸುವ ಹುಡುಗಿ ಮೂಗು ಅರಳಿಸಿದಳು. “ಅವ್ವಾರ, ಲವಂಗ ತಿಂದೀರೇನ್ರಿ?”

“ಡಾಕ್ಟರ್ ಮುಂದ ಬಾಯಿ ನಾರಬಾರ್ದಲ್ಲವ್ವಾ.”

“ನಮಗ ಆ ನಾತಾನೇ ಬೇಕ್ರಿ! ಈಗ ಊದಿದ್ರ ಮಷೀನು ಲವಂಗಾನೇ ಹಿಡೀತದ. ನಾಳಿ ಬರ್ರಿ.”

ಅಕ್ಕ ಎದ್ದೇಬಿಟ್ಟಳು. “ನಾ ಊರಿಗೆ ಹೋಗ್ತೀನಿ. ನಾಳಿ ಅಲ್ಲಿ ಮದುವಿ ಮನಿಗೆ ರೊಟ್ಟಿ ಕೊಡೋದದ.”

ಹೋದರೆ ಮತ್ತೆ ಬರುವವಳಲ್ಲ. “ನಮ್ಮ ಮನ್ಯಾಗ ಗ್ಯಾಸ್ ಅದ. ಸಂಜಿಗೆ ಇಬ್ರೂ ಕೂಡಿ ಬಡಿಯೋಣು,” ಎಂದೆ.

“ಗ್ಯಾಸಿನ ರೊಟ್ಟಿ ಯಾರ್ ತಿಂತಾರ?”

“ಎಣ್ಣಿಬದನಿಕಾಯಿ ಇದ್ರ ಮದುವ್ಯಾಗ ಯಾರೂ ಕೇಳಂಗಿಲ್ಲ.”

ಜೇವರ್ಗಿ ಕಾಲೋನಿಯ ನನ್ನ ಮನೆಯಲ್ಲಿ ಉಳಿದಳು; ಸಂಜೆ ಇಬ್ಬರೂ ಕೂಡಿ ರೊಟ್ಟಿ ಬಡಿದೆವು. ಮರುದಿನ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ರೊಟ್ಟಿ ಗಂಟಿನೊಂದಿಗೇ ಆಸ್ಪತ್ರೆಗೆ ಬಂದು, ನಾಚಿಕೊಳ್ಳುತ್ತಲೇ ಕೊಳವೆಗೆ ಊದಿದಳು. ಡಾಕ್ಟರ್ ನೇರವಾಗಿ ಹೇಳಿದರು: “ಮಷೀನಿಗೆ ಏನೋ ಸಂಶಯ ಬಂದದ್ರಿ. ಆದ್ರ ಇದಿನ್ನೂ ಪ್ರಯೋಗ, ಇದನ್ನೇ ನಂಬಂಗಿಲ್ಲ. ನಿಮ್ಮ ಕೆಮ್ಮಿಗಂತೂ ಸ್ಕ್ಯಾನ್ ಬೇಕೇ ಬೇಕು.” ನಿಮಗೂ ಅದನ್ನೇ ಹೇಳುತ್ತೇನೆ: ಕೆಮ್ಮು ನಿಲ್ಲದಿದ್ದರೆ ಇಂಥ ಮಷೀನು ಬರಲೆಂದು ಕಾಯಬೇಡಿ.

ಸ್ಕ್ಯಾನಿನಲ್ಲಿ ಎಡಗಡೆ ಸಣ್ಣ ಗಂಟು ಕಂಡಿತು. ತುಣುಕು ತೆಗೆದು ನೋಡಿದ ಮೇಲೆಯೇ ಖಾತ್ರಿ. ಕ್ಯಾನ್ಸರೇ ಆದರೂ ಇಷ್ಟು ಸಣ್ಣದಿದ್ದಾಗ ಗುಣವಾಗುವ ಭರವಸೆ ಹೆಚ್ಚು ಎಂದರು. ಅಕ್ಕ ರೊಟ್ಟಿ ಗಂಟನ್ನು ನನ್ನ ಕಡೆ ಸರಿಸಿ, “ರೊಟ್ಟಿ ನೀನೇ ಮುಟ್ಟಿಸಿ ಬಾ. ತಪಾಸಣಿ ಮುಗಿಯೋತನ ನಾ ಇಲ್ಲೇ ಇರ್ತೀನಿ,” ಎಂದಳು.

ರೊಟ್ಟಿ ಗಂಟು ಹೊತ್ತು ಬಸ್ ನಿಲ್ದಾಣಕ್ಕೆ ಆಟೊ ಹತ್ತಿದೆ. ತಿರುಗಿ ನೋಡಿದರೆ ಅಕ್ಕ ಆಸ್ಪತ್ರೆಯ ಗೇಟಿನವರೆಗೆ ಬಂದು ನಿಂತಿದ್ದಳು.

“ಬೆಳಕಿದ್ದಾಂಗ ವಾಪಸ್ ಬಾ,” ಎಂದು ಕೂಗಿದಳು. “ಒಬ್ಬಾಕಿ ಇರಾಕ ಅಂಜಿಕಿ ಬರ್ತದ.”