ವಾಚನಾಲಯದ ಮುಂದಿನ ಕಟ್ಟೆ

ಬೈಲಹೊಂಗಲದ ಪೇಟೆಯಲ್ಲಿ ಹಳೆಯ ವಾಚನಾಲಯದ ಮಗ್ಗುಲಿಗೆ ಹೊಸದೊಂದನ್ನು ಕಟ್ಟುವ ಮಾತು ಬಂದಾಗ, ಕಾಲೇಜಿನಲ್ಲಿ ಪಾಠ ಮಾಡುತ್ತೇನೆಂಬ ಕಾರಣಕ್ಕೆ ನನ್ನನ್ನೂ ಸಮಿತಿಗೆ ಸೇರಿಸಿಕೊಂಡರು. ಕಟ್ಟಡ ಅಷ್ಟೇ ಅಲ್ಲ, ಅದರ ಮುಂದಿನ ಬಯಲೂ ಊರವರು ಕೂಡುವ ಜಾಗವಾಗಬೇಕು ಎಂದು ಧಾರವಾಡದಿಂದ ಬಂದ ವಾಸ್ತುಶಿಲ್ಪಿ ಹೇಳಿದ. ನಿಮಗೇನು ಬೇಕೆಂದು ಎಲ್ಲರನ್ನೂ ಕೇಳಿದ. ಆ ಬಯಲಿನಲ್ಲಿರುವ ಬೇವಿನ ಗಿಡದ ಸುತ್ತ ಒಂದು ಕಟ್ಟೆ ಬೇಕೆಂದೆ ನಾನು.

ಕಾರಣವನ್ನೂ ಹೇಳಿದೆ. ನಾನು ಸಣ್ಣವಳಿದ್ದಾಗ ಅಲ್ಲೊಂದು ಕಲ್ಲಿನ ಕಟ್ಟೆ ಇತ್ತು. ಸವದತ್ತಿ ಕಡೆಯ ನಮ್ಮ ಹಳ್ಳಿಯಿಂದ ಸಂತೆಗೆ ಬಂದ ಅವ್ವ ಅದರ ಮೇಲೆ ಕೂತು ಬಸ್ಸಿನ ದಾರಿ ಕಾಯುತ್ತಿದ್ದಳು. ಪಕ್ಕದಲ್ಲಿ ನಾನು ಕಾಲು ಇಳಿಬಿಟ್ಟು ಚುರುಮುರಿ ತಿನ್ನುತ್ತಿದ್ದೆ. ಸಭೆಯಲ್ಲಿದ್ದವರು ತಲೆದೂಗಿದರು. ಅಷ್ಟು ಅಚ್ಚುಕಟ್ಟಾದ ನೆನಪಿನ ಬಗ್ಗೆ ನನಗೇ ಅನುಮಾನ ಬರಬೇಕಿತ್ತು.

ಈ ಕೆಲಸಕ್ಕಾಗಿ ನನಗಿಂತ ಹೆಚ್ಚು ಕಾದಿದ್ದವಳು ಚಿಗವ್ವ, ಅವ್ವನ ತಂಗಿ. ಇದೇ ಊರಿನ ಶಾಲೆಯಲ್ಲಿ ಅಕ್ಕೋರಾಗಿದ್ದು ನಿವೃತ್ತಳಾದವಳು, ಈಗ ನನ್ನ ಜೊತೆ ಇರುತ್ತಾಳೆ. ಸಂಜೆ ಹಳೆಯ ವಾಚನಾಲಯಕ್ಕೆ ಹೋಗಿ, ನಿಂತೇ ಪೇಪರ್ ಓದಿ, ತಿರುಗಿ ಬರುತ್ತಿದ್ದಳು.

"ಗುಡ್ಯಾಗ ಕುಂತ್ರ ಕೈ ಮುಗೀಬೇಕು, ಅಂಗಡ್ಯಾಗ ಕುಂತ್ರ ಏನರ ಕೊಳ್ಳಬೇಕು. ಹೆಣ್ಮಕ್ಕಳು ಸುಮ್ನ ಕುಂಡ್ರಾಕ ಈ ಪ್ಯಾಟ್ಯಾಗ ಒಂದು ಜಾಗಾ ಮಾಡಿ ತೋರಸು ನೋಡೂಣು," ಅಂದಿದ್ದಳು.

ಕಾಗದದ ಮೇಲಿನ ನಕ್ಷೆ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಹೊಸ ಮನೆಗೆ ಪಾಯ ತೋಡುವ ಮೊದಲು ನೆಲದ ಮೇಲೆ ಸುಣ್ಣದ ಗೆರೆ ಹಾಕುವ ಹಾಗೆ ಇದನ್ನೂ ನಿಜದ ಅಳತೆಯಲ್ಲಿ ಬಯಲಿನಲ್ಲೇ ಬರೆದುಬಿಡೋಣ, ಜನ ಓಡಾಡಲಿ, ಒಗ್ಗದಿದ್ದರೆ ಅಳಿಸೋಣ ಎಂದ ವಾಸ್ತುಶಿಲ್ಪಿ. ಹಾಗೇ ಮಾಡಿದೆವು. ಬೇವಿನ ಗಿಡದ ಸುತ್ತ ಇಟ್ಟಿಗೆ ಜೋಡಿಸಿ ಕಟ್ಟೆಯನ್ನೂ ಮಾಡಿದೆವು.

ಸಂಜೆ ನೋಡಲು ಬಂದವರು ಸುಣ್ಣದ ಬಾಗಿಲಿನ ಹೊರಗೆ ಚಪ್ಪಲಿ ಬಿಟ್ಟರು. ಗೋಡೆಯ ಗೆರೆಯನ್ನು ಯಾರೂ ದಾಟಲಿಲ್ಲ. ಸುತ್ತಿ ಬಾಗಿಲಿಗೇ ಬಂದರು. ಒಬ್ಬ ಮುದುಕ ಮಾತ್ರ ನೆಟ್ಟಗೆ ನಡೆದುಬಂದ.

"ಏ ಕಾಕಾ, ಗ್ವಾಡಿ ಒಡದು ಒಳಗ ಬಂದಿಯಲ್ಲೋ!" ಎಂದು ಯಾರೋ ಕೂಗಿದರು.

"ನೀವು ಗ್ವಾಡಿಗೆ ನೀರು ಹೊಡದಿಲ್ಲ, ಅದಕ್ಕ ಬಿತ್ತು," ಅಂದ ಆತ.

ಇಟ್ಟಿಗೆಯ ಕಟ್ಟೆ ಸ್ವಲ್ಪ ಹೊತ್ತಿನಲ್ಲೇ ತುಂಬಿತು. ಕೂತವರೆಲ್ಲ ಗಂಡಸರೇ ಎಂಬುದನ್ನು ಆಗ ನಾನು ಗಮನಿಸಿದೆನೋ, ಆಮೇಲೆ ಸೇರಿಸಿಕೊಂಡೆನೋ ಹೇಳಲಾರೆ. ಚಿಗವ್ವ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದಿದ್ದಳು. ಗೆರೆಯ ಹೊರಗೇ ನಿಂತು ಕಟ್ಟೆಯ ಕಡೆ ನೋಡಿದಳು, ಮನೆಯ ಕಡೆ ತಿರುಗಿದಳು. ನಾನು ಹಿಂದೆಯೇ ಓಡಿದೆ.

"ಯಾಕ ಹೊಳ್ಳಿ ಹೊಂಟಿ, ಚಿಗವ್ವ? ಅವ್ರು ಏನರ ಅಂತಾರೇನು?"

"ಏನೂ ಅನ್ನಂಗಿಲ್ಲ. ಅಕ್ಕೋರು ಬಂದ್ರು ಅಂತ ಅಷ್ಟೂ ಮಂದಿ ಎದ್ದು ನಿಂದರತಾರ. ಅರ್ಧಾ ಊರಿಗೆ ನಾನs ಅಕ್ಷರ ತಿದ್ದಿಸೇನಿ. ನಾ ಕುಂತಿರೂಮಟ ಅವ್ರು ನಿಂತs ಇರ್ತಾರ. ನಾ ಎಷ್ಟೊತ್ತು ಕುಂಡ್ರಲಿ, ನೀನs ಹೇಳು?"

"ಅವ್ವ ಕುಂಡ್ರತಿದ್ಲಲ್ಲ?"

"ಯಾರು, ನಿಮ್ಮವ್ವ? ಕಟ್ಟಿ ಮ್ಯಾಲೇನು? ಬುಟ್ಟಿ ಇಡ್ತಿದ್ಲು, ನಿನ್ನ ಕುಂಡ್ರಸ್ತಿದ್ಲು. ಬಸ್ ಬರೂಮಟ ಆಕಿ ನಿಂತs ಇರ್ತಿದ್ಲು, ಬಾಜೂಕ ನಾನೂ ನಿಂತಿರ್ತಿದ್ನಿ."

ಇಷ್ಟು ಕೇಳಿದ ಮೇಲೂ ನನ್ನ ಕಣ್ಣಿಗೆ ಅವ್ವ ಕೂತೇ ಕಾಣುತ್ತಾಳೆ. ಸಣ್ಣ ಹುಡುಗಿಗೆ, ತಾನು ಕೂತಲ್ಲಿ ತಾಯಿಯೂ ಕೂತಿದ್ದಾಳೆ ಅನ್ನಿಸಿರಬಹುದು. ಚಿಗವ್ವನ ನೆನಪೂ ನೆನಪೇ, ಅದೂ ತಪ್ಪಿರಬಹುದು. ಆದರೆ ಆ ಸಂಜೆ ಅವಳು ಕೂಡದೆ ಹೋದದ್ದನ್ನು ನಾನೇ ನೋಡಿದ್ದೆ.

ಮರುದಿನ ಸಮಿತಿಯವರೆದುರು ಕಟ್ಟೆ ಬೇಡವೆಂದೆ. ಬೇಕೆಂದವರೂ ನೀವೇ, ಬೇಡವೆನ್ನುವವರೂ ನೀವೇ ಎಂದು ನಕ್ಕರು. "ಕಟ್ಟಿ ಇಲ್ಲದ ಊರು ಎಲ್ಲ್ಯರ ಐತೇನ್ರಿ ಮೇಡಮ್ಮಾರ?" ಎಂದರು ಒಬ್ಬರು. ವಾಸ್ತುಶಿಲ್ಪಿ ವಾದಕ್ಕಿಳಿಯಲಿಲ್ಲ. ಇಟ್ಟಿಗೆ ತೆಗೆಸಿ, ಪೆಂಡಾಲ್ ಅಂಗಡಿಯಿಂದ ಪ್ಲಾಸ್ಟಿಕ್ ಚೇರು ತರಿಸಿ, ಸಾಲು ಮಾಡದೆ ಹಾಗೇ ಬಯಲಿನಲ್ಲಿ ಇಡಿಸಿದ. ಜನ ಚೇರು ಮನೆಗೆ ಹೊತ್ತೊಯ್ಯುತ್ತಾರೆ ಎಂದರು ಸಮಿತಿಯವರು. ಒಯ್ದರೆ ನೋಡೋಣ ಎಂದ.

ಚಿಗವ್ವನನ್ನು ನಾನು ಕರೆಯಲಿಲ್ಲ. ಸಂಜೆ ಅವಳಾಗಿಯೇ ಪೇಪರ್ ಹಿಡಿದು ಬಂದಳು. ಗಿಡದ ಕೆಳಗೆ ಕೂತಿದ್ದ ಗಂಡಸರಲ್ಲೊಬ್ಬ, ತಲೆ ಪೂರ್ತಿ ನೆರೆತವನು, ದಡಬಡಿಸಿ ಎದ್ದು ತನ್ನ ಚೇರನ್ನು ಮುಂದೆ ಮಾಡಿದ.

"ಕುಂಡ್ರೋ, ನಿಂದು ನೀ ಇಟ್ಕೊ," ಎಂದವಳೇ ಖಾಲಿ ಚೇರೊಂದನ್ನು ಎಳೆದುಕೊಂಡು ಅವರಿಂದ ತುಸು ದೂರ ಹೋಗಿ, ರಸ್ತೆ ಕಾಣುವಂತೆ ಹಾಕಿಕೊಂಡು ಕೂತಳು. ಸಂತೆಯ ಚೀಲ ಹಿಡಿದು ನಿಂತಿದ್ದ ಇಬ್ಬರು ಹೆಂಗಸರು ಅದನ್ನು ನೋಡಿ ತಾವೂ ಚೇರು ಎಳೆದುಕೊಂಡರು.

ಹೊತ್ತು ಇಳಿದಂತೆ ಬಿಸಿಲು ಕಣ್ಣಿಗೆ ಬಡಿಯಿತು. ಚಿಗವ್ವ ಚೇರು ಸರಿಸಿದಾಗಲೆಲ್ಲ ಆ ನೆರೆತ ತಲೆಯ ಶಿಷ್ಯ ಅರ್ಧ ಎದ್ದು, ಅವಳು ಕರೆಯುವುದಿಲ್ಲವೆಂದು ಕಂಡು, ಮತ್ತೆ ಕೂಡುತ್ತಿದ್ದ. ಅವಳು ಅವನ ಕಡೆ ನೋಡಲಿಲ್ಲ. ಪೇಪರಿನ ಹಾಳೆ ತಿರುವಿ, ಕಾಲಿನ ಮೇಲೆ ಕಾಲು ಹಾಕಿಕೊಂಡು ಓದುತ್ತ ಕೂತಿದ್ದಳು.